ಪಲ್ಲವಿ ಜನರ ಪಾಲಿಗೆ

ಕೇಳುಗರಿಗೆ ನಮಸ್ಕಾರ.

1995ರ ಆಗಸ್ಟ್ 14, ಸೋಮವಾರ. ಬ್ರಿಟನ್ನಿನಲ್ಲಿ ಆಗ ಹೊಸ ಹಾಡುಗಳು ಅಂಗಡಿಗೆ ಬರುತ್ತಿದ್ದುದೇ ಸೋಮವಾರ. ಅವತ್ತು ಲಂಡನ್ನಿನ ಬ್ಲರ್ ತಂಡದ ಹಾಡು, ಮ್ಯಾಂಚೆಸ್ಟರಿನ ಒಯೇಸಿಸ್ ತಂಡದ ಹಾಡು ಎರಡೂ ಒಟ್ಟಿಗೆ ಬಿಡುಗಡೆಯಾದವು. ನಮ್ಮಲ್ಲಿ ಇಬ್ಬರು ದೊಡ್ಡ ನಾಯಕರ ಚಿತ್ರಗಳು ಒಂದೇ ಶುಕ್ರವಾರ ತೆರೆಕಂಡರೆ ಊರು ಎರಡು ಹೋಳಾಗುವುದಿಲ್ಲವೇ, ಹಾಗೇ ಆಯಿತು. ಟಿವಿ ವಾರ್ತೆಯವರೂ ಇದನ್ನು ಸುದ್ದಿ ಮಾಡಿದರು. ಭಾನುವಾರ ಮಾರಾಟದ ಲೆಕ್ಕ ಬಂದಾಗ ಬ್ಲರ್ ಸುಮಾರು 2,74,000 ಪ್ರತಿ, ಒಯೇಸಿಸ್ ಸುಮಾರು 2,16,000. ಬ್ಲರ್ ಗೆದ್ದಿತು.

ತೊಂಬತ್ತರ ದಶಕದ ಬ್ರಿಟಿಷ್ ಗಿಟಾರ್ ಪಾಪ್ ಎಂದರೆ ಎಲ್ಲರೂ ಹೇಳುವುದು ಇದೇ ಕತೆ. ನನಗೇನೋ ಇದು ಪತ್ರಿಕೆಗಳು ಊದಿ ದೊಡ್ಡದು ಮಾಡಿದ ಜಗಳ ಅನ್ನಿಸುತ್ತದೆ. ಅಭಿಮಾನಿಗಳ ಹುಚ್ಚು ಕಾಣಬೇಕಾದರೆ ಸಿಡಿಯ ಮೊದಲ ಹಾಡನ್ನು ಬಿಟ್ಟು ಮುಂದಕ್ಕೆ ಹೋಗಬೇಕು.

ಆಗ ಒಂದು ಹಾಡಿಗೆಂದೇ ತರುತ್ತಿದ್ದ ಸಿಂಗಲ್ ಸಿಡಿಯಲ್ಲಿ ಆ ಮುಖ್ಯ ಹಾಡಿನ ಜೊತೆಗೆ ಎರಡು ಮೂರು ಹೆಚ್ಚಿನ ಹಾಡುಗಳಿರುತ್ತಿದ್ದವು. ಗ್ರಾಮಫೋನ್ ತಟ್ಟೆಯ ಹಿಂಬದಿಗಿದ್ದ ಬಿ-ಸೈಡ್ ಎಂಬ ಹಳೆಯ ಹೆಸರೇ ಅವಕ್ಕೂ ಉಳಿದಿತ್ತು. ರೇಡಿಯೋದಲ್ಲಿ ಅವು ಅಪರೂಪ, ಆಲ್ಬಮ್ಮಿನಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕೊಂಡವರಿಗೆ ಮಾತ್ರ ಗೊತ್ತು. ಕಂಪನಿಗಳೂ ಕಿಲಾಡಿಗಳೇ. ಒಂದೇ ಹಾಡನ್ನು ಎರಡು ಸಿಡಿಗಳಲ್ಲಿ ಹೊರತಂದು, ಒಂದೊಂದರಲ್ಲಿ ಬೇರೆ ಬೇರೆ ಬಿ-ಸೈಡ್ ಇಡುತ್ತಿದ್ದರು. ಬೈದುಕೊಂಡೇ ಎರಡನ್ನೂ ಕೊಂಡವರು ಸಾಕಷ್ಟು ಜನ. ಸ್ವೇಡ್ ತಂಡದ ಬಿ-ಸೈಡ್‌ಗಳನ್ನು ಸೇರಿಸಿ 1997ರಲ್ಲಿ ಎರಡು ಸಿಡಿಗಳ ಸಂಕಲನವನ್ನೇ ತಂದರು. ಒಯೇಸಿಸ್‌ನ ಅಂಥದೊಂದು ಹಾಡು 'ಅಕ್ವಿಯೆಸ್'. ಚರಣ ತಮ್ಮ ಲಿಯಮ್ ಗ್ಯಾಲಹರ್ ಹಾಡುತ್ತಾನೆ, ಪಲ್ಲವಿ ಅಣ್ಣ ನೋಯೆಲ್‌ನದು. ಸದಾ ಕಿತ್ತಾಡುವ ಅಣ್ಣತಮ್ಮಂದಿರು ಒಂದೇ ಹಾಡಿನಲ್ಲಿ ಸೇರಿದ್ದಾರೆ, ಅದೂ ಬಿ-ಸೈಡಿನಲ್ಲಿ! ಅಭಿಮಾನಿಗೆ ಇನ್ನೇನು ಬೇಕು?

1996ರ ಆಗಸ್ಟ್ 10 ಮತ್ತು 11ರಂದು ನೆಬ್‌ವರ್ತ್ ಬಯಲಿನಲ್ಲಿ ಒಯೇಸಿಸ್ ಹಾಡಿತು. ಎರಡು ರಾತ್ರಿಗೆ ಎರಡೂವರೆ ಲಕ್ಷ ಜನ. ಟಿಕೆಟ್ ಕೇಳಿದವರು ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು. ಆ ವೇದಿಕೆಯಲ್ಲಿ 'ಅಕ್ವಿಯೆಸ್' ಶುರುವಿನಲ್ಲೇ ಬಂತು. ಸಿಂಗಲ್ಲಿನ ಹಿಂದೆ ಅಡಗಿದ್ದ ಹಾಡಿಗೆ ಬಯಲಿನ ತುಂಬ ಜೊತೆಗಾರರು.

ಈ ಸಂಗೀತದ ಗುಟ್ಟು ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಗಿಟಾರ್ ವಿದ್ಯೆಯ ದೃಷ್ಟಿಯಿಂದ ಇವು ಅಂಥ ಕಠಿಣ ಹಾಡುಗಳಲ್ಲ. ನಾಲ್ಕಾರು ಸ್ವರಮೇಳ ಕಲಿತ ಹುಡುಗ ಮನೆಯಲ್ಲೇ ನುಡಿಸಿಕೊಳ್ಳಬಹುದು. ಸಾಹಿತ್ಯಕ್ಕೆ ಕೆಲವೊಮ್ಮೆ ಅರ್ಥವೂ ಇರುವುದಿಲ್ಲ. ಆದರೆ ಪಲ್ಲವಿ ಬಂದಾಗ ಗಾಯಕ ಸುಮ್ಮನಾದರೂ ಹಾಡು ನಿಲ್ಲುವುದಿಲ್ಲ. ಅದನ್ನು ಎತ್ತಿಕೊಳ್ಳುವುದು ಜನರ ಕೆಲಸ.

ಪಲ್ಪ್ ತಂಡದ ಕತೆ ನನಗೆ ಇನ್ನೂ ಇಷ್ಟ. ಶೆಫೀಲ್ಡಿನ ಜಾರ್ವಿಸ್ ಕಾಕರ್ ಎಂಬ ಸಣಕಲು ಹುಡುಗ ಶಾಲೆಯಲ್ಲಿದ್ದಾಗಲೇ, 1978ರಲ್ಲಿ, ಕಟ್ಟಿದ ತಂಡ ಅದು. ಹದಿನೈದು ವರ್ಷ ಹೆಚ್ಚುಕಡಿಮೆ ಯಾರೂ ತಿರುಗಿ ನೋಡಲಿಲ್ಲ. 1995ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಸ್ಟೋನ್ ರೋಸಸ್ ಎಂಬ ತಂಡ ಹಾಡಬೇಕಿತ್ತು. ಅವರ ಗಿಟಾರ್ ವಾದಕ ಸೈಕಲ್ಲಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡ. ಕೊನೆ ಗಳಿಗೆಯಲ್ಲಿ ಪಲ್ಪ್‌ಗೆ ಕರೆ ಹೋಯಿತು. ಬಡವರಂತೆ ಬದುಕಿ ನೋಡಬೇಕೆಂಬ ಸಿರಿವಂತ ಹುಡುಗಿಯನ್ನು ಕೆಣಕುವ 'ಕಾಮನ್ ಪೀಪಲ್' ಹಾಡನ್ನು ಅವತ್ತು ಮೈದಾನವೇ ಹಾಡಿತು. ಆ ಹಾಡು ವಾರದ ಮಾರಾಟ ಪಟ್ಟಿಯಲ್ಲಿ ಏರಿದ್ದು ಎರಡನೇ ಸ್ಥಾನಕ್ಕೆ ಮಾತ್ರ. ಯಾರಿಗೆ ಬೇಕು ಪಟ್ಟಿ!

ನಮ್ಮ ಕಿವಿಗೆ ತಮಾಷೆಯಾಗಿ ಕೇಳುವ ಒಂದು ಸಂಗತಿಯೂ ಇದೆ. 1996ರ ಕೊನೆಗೆ ಕುಲಾ ಶೇಕರ್ ಎಂಬ ತಂಡ ಗೋವಿಂದನ ಭಜನೆಗೆ ಗಿಟಾರ್ ಕಟ್ಟಿ ಸಂಸ್ಕೃತದಲ್ಲೇ ಹಾಡಿತು. ಅದು ಬ್ರಿಟಿಷ್ ಪಟ್ಟಿಯಲ್ಲಿ ಏಳನೇ ಸ್ಥಾನ ತಲುಪಿತು.

ದಶಕ ಮುಗಿಯುವ ಮೊದಲೇ ಅಲೆ ಇಳಿಯಿತು. 2009ರಲ್ಲಿ ಒಯೇಸಿಸ್ ಒಡೆಯಿತು. ಆದರೆ 2017ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಸಂಗೀತ ಸಭಾಂಗಣವೊಂದರಲ್ಲಿ ಬಾಂಬ್ ಸಿಡಿದು 22 ಜನ ಸತ್ತರು. ಮೂರು ದಿನ ಕಳೆದು ಸೇಂಟ್ ಆನ್ಸ್ ಚೌಕದಲ್ಲಿ ಜನ ಒಂದು ನಿಮಿಷ ಮೌನ ನಿಂತರು. ಮೌನ ಮುಗಿದಾಗ ಗುಂಪಿನಲ್ಲಿದ್ದ ಒಬ್ಬ ಹೆಂಗಸು ಒಯೇಸಿಸ್‌ನ 'ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್' ಹಾಡತೊಡಗಿದಳು. ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು. ವೇದಿಕೆಯಿಲ್ಲ, ಗಿಟಾರಿಲ್ಲ, ತಂಡವಂತೂ ಇರಲೇ ಇಲ್ಲ.

ಈಗ ತಂಡಗಳು ಮರಳಿವೆ. ನೆಬ್‌ವರ್ತ್‌ನಲ್ಲಿ ಇಪ್ಪತ್ತೆರಡೂವರೆ ಪೌಂಡಿಗೆ ಸಿಕ್ಕ ಒಯೇಸಿಸ್ ಟಿಕೆಟ್, ಮತ್ತೆ ಒಂದಾದ ತಂಡದ ಕಾರ್ಯಕ್ರಮಗಳಿಗೆ 2024ರ ಆಗಸ್ಟ್ 31ರಂದು ಮಾರಾಟಕ್ಕೆ ಬಂದಾಗ ನೂರೈವತ್ತರಷ್ಟಿತ್ತು. ಗಂಟೆಗಟ್ಟಲೆ ಆನ್‌ಲೈನ್ ಸರದಿಯಲ್ಲಿ ಕಾದವರ ಕಣ್ಣೆದುರೇ ಅದು ಮುನ್ನೂರೈವತ್ತು ದಾಟಿತು. ಜನ ರೊಚ್ಚಿಗೆದ್ದರು, ಸರ್ಕಾರಿ ತನಿಖೆಯೂ ಶುರುವಾಯಿತು. ಆದರೂ 2025ರ ಜುಲೈ 4ರಂದು ಕಾರ್ಡಿಫ್ ಕ್ರೀಡಾಂಗಣ ಭರ್ತಿ. ತಂಡ ಒಡೆದಾಗ ಎಳೆಗೂಸಾಗಿದ್ದವರಿಗೂ ಸಾಹಿತ್ಯ ಬಾಯಿಪಾಠ.

ಅದಕ್ಕೆ ಸುಮಾರು ಒಂದು ವಾರ ಮುಂಚೆ ಗ್ಲಾಸ್ಟನ್‌ಬರಿಯ ಕಾರ್ಯಕ್ರಮ ಪಟ್ಟಿಯಲ್ಲಿ 'ಪ್ಯಾಚ್‌ವರ್ಕ್' ಎಂಬ, ಯಾರೂ ಕೇಳಿರದ ತಂಡದ ಹೆಸರಿತ್ತು. ಮೂವತ್ತು ವರ್ಷದ ಬಳಿಕ ಪಲ್ಪ್ ಗುಟ್ಟಾಗಿ ಬರಲು ಹೂಡಿದ ಉಪಾಯ. ಅಭಿಮಾನಿಗಳು ಅದನ್ನು ಮೊದಲೇ ಊಹಿಸಿಬಿಟ್ಟಿದ್ದರು. ಕಾಕರ್ ವೇದಿಕೆಗೆ ಬರುವ ಹೊತ್ತಿಗೆ ಮೈದಾನ ತುಂಬಿತ್ತು.

ನಮಸ್ಕಾರ.