ನಿಮ್ಮದೇ ಒಂದು ಪಟ್ಟು

ಎಲ್ಲರಿಗೂ ನಮಸ್ಕಾರ.

ನೆಲದ ಮೇಲೆ ಹಿಡಿತಗಳಿಂದ ಸೆಣಸುವ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯಲು ಶುರು ಮಾಡಿ ಒಂದೆರಡು ವರ್ಷ ಆದವರು ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ನನಗೇ ಅಂತ ಒಂದು ಸಬ್‌ಮಿಷನ್ ಬೇಕು, ಯಾರೂ ನೋಡಿರಬಾರದು." ಸಬ್‌ಮಿಷನ್ ಅಂದರೆ ಎದುರಾಳಿ ಸೋಲೊಪ್ಪುವ ಹಾಗೆ ಮಾಡುವ ಪಟ್ಟು. ಗೊತ್ತಿಲ್ಲದ ಪಟ್ಟನ್ನು ಎದುರಾಳಿ ಬಿಡಿಸಿಕೊಳ್ಳಲಾರ ಅನ್ನುವ ಲೆಕ್ಕ. ಅದು ಒಂದೆರಡು ಸಲ ನಡೆಯುತ್ತದೆ. ಆಮೇಲೆ ಅದೇ ಜೊತೆಗಾರ ಹುಷಾರಾಗುತ್ತಾನೆ, ನೀವು ಇನ್ನೊಂದು ಹೊಸದನ್ನು ಹುಡುಕಲು ಹೊರಡುತ್ತೀರಿ. ನಾನು ಹೇಳುವುದು ಬೇರೆ. ಎಲ್ಲರಿಗೂ ಗೊತ್ತಿರುವ ಪಟ್ಟನ್ನೇ ಹಿಡಿಯಿರಿ. ಬರುತ್ತಿದೆ ಅಂತ ಗೊತ್ತಿದ್ದರೂ ತಡೆಯಲಾಗದಷ್ಟು ಅದನ್ನು ನಿಮ್ಮದು ಮಾಡಿಕೊಳ್ಳಿ.

2009ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರೋಜರ್ ಗ್ರೇಸಿ ತಮ್ಮ ತೂಕದ ವಿಭಾಗವನ್ನೂ ಗೆದ್ದರು, ತೂಕದ ಮಿತಿ ಇಲ್ಲದ ಮುಕ್ತ ವಿಭಾಗವನ್ನೂ ಗೆದ್ದರು. ಎದುರಿಗೆ ಬಂದವರನ್ನೆಲ್ಲ ಟ್ಯಾಪ್ ಮಾಡಿಸಿದ್ದು, ಅಂದರೆ ಕೈ ತಟ್ಟಿ ಸೋಲೊಪ್ಪಿಸಿದ್ದು, ಒಂದೇ ಪಟ್ಟಿನಿಂದ: ಮೌಂಟ್‌ನಲ್ಲಿ, ಅಂದರೆ ಮಲಗಿದವನ ಮೈಮೇಲೆ, ಕೂತು ಕಾಲರ್ ಹಿಡಿದು ಕತ್ತು ಹಿಸುಕುವ ಕ್ರಾಸ್ ಚೋಕ್. ಹೊಸಬರಿಗೆ ಶುರುವಿನಲ್ಲೇ ಹೇಳಿಕೊಡುವ ಪಟ್ಟು ಅದು! ಎದುರಿಗಿದ್ದವರು ಬ್ಲ್ಯಾಕ್ ಬೆಲ್ಟ್‌ಗಳು. ಏನು ಬರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಯಾಕೆ ತಡೆಯಲಾಗಲಿಲ್ಲ? ಆ ಪಟ್ಟನ್ನು ಹತ್ತಿರದಿಂದ ನೋಡೋಣ. ಮೊದಲ ಕೈಯ ನಾಲ್ಕು ಬೆರಳು ಕಾಲರ್ ಒಳಗೆ ಹೋಗುತ್ತವೆ, ಅಂಗೈ ಮೇಲ್ಮುಖ. ನಮ್ಮಲ್ಲಿ ಹೆಚ್ಚಿನವರು ಕೈ ಕತ್ತಿನ ಪಕ್ಕಕ್ಕೆ ಬಂದ ಕೂಡಲೇ ಎರಡನೇ ಕೈ ಹಾಕಿ ಹಿಂಡಲು ಶುರು ಮಾಡುತ್ತೇವೆ. ಕೈ ಕತ್ತಿನ ಹಿಂಭಾಗದವರೆಗೆ ಹೋಗಬೇಕು. ಕೆಳಗಿದ್ದವನು ಹೆದರಿ ಎರಡೂ ಕೈಯನ್ನು ಕತ್ತಿಗೆ ತಂದರೆ ನಿಮ್ಮ ಸೊಂಟ ತಳ್ಳಲು ಅವನಿಗೆ ಕೈಯೇ ಉಳಿಯಲ್ಲ, ಮೌಂಟ್ ಇನ್ನೂ ಗಟ್ಟಿಯಾಗುತ್ತದೆ. ಕೈ ತೆಗೆದು ಸೊಂಟ ತಳ್ಳಿದರೆ ಕತ್ತು ಸಿಗುತ್ತದೆ. ತೋಳು ಚಾಚಿದರೆ ಮೊಣಕೈ ಕೀಲನ್ನು ಹಿಂದಕ್ಕೆ ಬಾಗಿಸುವ ಆರ್ಮ್‌ಬಾರ್ ಇದೆ. ಎರಡನೇ ಕೈ ಆಚೆ ಬದಿಯ ಕಾಲರ್ ಹಿಡಿದ ಮೇಲೆ ತಲೆಯನ್ನು ಮ್ಯಾಟ್ ಕಡೆ ಇಳಿಸಿ, ಮೊಣಕೈಗಳನ್ನು ನಿಮ್ಮ ಪಕ್ಕೆಯತ್ತ ಎಳೆಯಬೇಕು. ಮಣಿಕಟ್ಟಿನ ಮೂಳೆ ಕತ್ತಿನ ಎರಡೂ ಪಕ್ಕದ ರಕ್ತನಾಳದ ಮೇಲೆ ಕೂರುತ್ತದೆ. ಸರಿಯಾಗಿ ಕೂತರೆ 10 ಸೆಕೆಂಡ್ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ, ತೋಳಿನ ಬಲ ಅಷ್ಟೇನೂ ಬೇಡ. ಇದರಲ್ಲಿ ಒಂದೂ ಹೊಸದಿಲ್ಲ, ಅಲ್ವಾ? ಆದರೆ ಎದುರಾಳಿ ಮಾಡಬಹುದಾದ ಪ್ರತಿಯೊಂದಕ್ಕೂ ಅಲ್ಲಿ ಉತ್ತರ ತಯಾರಿದೆ.

ಆಟಗಾರರ ಹೆಸರೇ ಅಂಟಿಕೊಂಡಿರುವ ಪಟ್ಟುಗಳ ಕಥೆಯೂ ಹೀಗೇ. 1951ರ ಅಕ್ಟೋಬರ್‌ನಲ್ಲಿ ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಆಟಗಾರ ಮಸಾಹಿಕೊ ಕಿಮುರಾ, ಬ್ರೆಜಿಲಿಯನ್ ಜಿಯು-ಜಿತ್ಸು ಕಟ್ಟಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿಯ ತೋಳು ತಿರುಚಿ ಗೆದ್ದರು. ಆ ಪಟ್ಟು ಜೂಡೋದಲ್ಲಿ ಮೊದಲಿಂದಲೂ ಇತ್ತು. ಜಿಯು-ಜಿತ್ಸುನವರು ಇವತ್ತಿಗೂ ಅದನ್ನು ಕಿಮುರಾ ಅಂತಲೇ ಕರೆಯುತ್ತಾರೆ. 1988ರ ಸುಮಾರಿಗೆ ಬ್ರೆಜಿಲ್‌ನ ಜೂಡೋ ಆಟಗಾರ ಎಝೆಕಿಯಲ್ ಪರಗುವಾಸು ನೆಲದ ಆಟ ಸುಧಾರಿಸಿಕೊಳ್ಳಲು ಜಿಯು-ಜಿತ್ಸುನವರ ಜೊತೆ ಅಭ್ಯಾಸ ಮಾಡುತ್ತಿದ್ದರು. ಜಿಯು-ಜಿತ್ಸುನವರ ಗಾರ್ಡ್, ಅಂದರೆ ಕೆಳಗಿದ್ದವನು ಕಾಲುಗಳಿಂದ ಸುತ್ತಿ ಹಿಡಿಯುವ ಹಿಡಿತ, ಬಿಡಿಸಲು ಆಗದಿದ್ದಾಗ ಒಳಗಿಂದಲೇ ತನ್ನ ತೋಳಿನ ಬಟ್ಟೆ ತಾನೇ ಹಿಡಿದು ಚೋಕ್ ಹಾಕುತ್ತಿದ್ದರು. ಅದೂ ಜೂಡೋದ ಹಳೇ ಪಟ್ಟೇ. ಹಾಕಿದ ಜಾಗ ಮಾತ್ರ ಅವರದ್ದು.

ನನಗೆ ತುಂಬಾ ಇಷ್ಟದ ಉದಾಹರಣೆ ಮಾರ್ಸೆಲೊ ಗಾರ್ಸಿಯಾ. ಎಡಿಸಿಸಿ ಎಂಬ ಅಂತರರಾಷ್ಟ್ರೀಯ ಸಬ್‌ಮಿಷನ್ ಪಂದ್ಯಾವಳಿಯಲ್ಲಿ 77 ಕೆಜಿ ವಿಭಾಗವನ್ನು 2003, 2005, 2007 ಮತ್ತು 2011ರಲ್ಲಿ ಗೆದ್ದವರು, ತಮಗಿಂತ ಎಷ್ಟೋ ದೊಡ್ಡವರ ಜೊತೆ ಮುಕ್ತ ವಿಭಾಗದಲ್ಲೂ ಆಡಿದವರು. ಅವರ ಗಿಲೋಟಿನ್ ನೋಡಿ, ಎದುರಾಳಿಯ ಕತ್ತನ್ನು ಮುಂದಿನಿಂದ ತೋಳಿನಲ್ಲಿ ಸಿಕ್ಕಿಸಿ ಹಿಸುಕುವ ಪಟ್ಟು ಅದು. ನಾವೆಲ್ಲ ಕತ್ತು ಸಿಕ್ಕ ಕೂಡಲೇ ಹಿಂದಕ್ಕೆ ಬಿದ್ದು, ತೋಳು ಸೋಲುವ ತನಕ ಹಿಂಡುತ್ತೇವೆ. ಅವರು ಎದುರಾಳಿಯ ತೋಳನ್ನು ಹೊರಗೆ ಬಿಟ್ಟು, ಬರೀ ಕತ್ತನ್ನು ಹಿಡಿಯುತ್ತಾರೆ. ಇನ್ನೊಂದು ಕೈಯ ಮೊಣಕೈಯನ್ನು ಎದುರಾಳಿಯ ಭುಜದ ಮೇಲಕ್ಕೆ ಎತ್ತಿಡುತ್ತಾರೆ. ಎದೆಯ ಭಾರ ಅವನ ತಲೆಯ ಹಿಂದೆ ಬೀಳುತ್ತದೆ. ಅವನು ತಲೆ ಎತ್ತಲಾರ. ಕೈ ಕೀಳಲು ಹೋದರೆ ಕೆಳಗಿಂದ ಅವನನ್ನು ಉರುಳಿಸಿ ಮೇಲೆ ಬರುವ ಸ್ವೀಪ್‌ಗೆ ಜಾಗ ಸಿಗುತ್ತದೆ, ತಿರುಗಿದರೆ ಬೆನ್ನು ಸಿಗುತ್ತದೆ. ಬೆನ್ನು ಹಿಡಿದು ಹಾಕುವ ಚೋಕ್ ಅವರ ಇನ್ನೊಂದು ದೊಡ್ಡ ಆಯುಧ. ಎರಡೂ ಸೇರಿ ಒಂದೇ ಆಟ.

ಕುಸ್ತಿಯಿಂದ ಬಂದವರು ಇಲ್ಲಿ ಕೂತಿದ್ದೀರಿ, ನಿಮಗೊಂದು ಮಾತು. ಗರಡಿಯಲ್ಲಿ ಕಾಲಿಗೆ ನುಗ್ಗುವಾಗ ಕತ್ತು ಮುಂದೆ ಚಾಚಿದರೆ ನಷ್ಟ ಕಡಿಮೆ, ಅಲ್ಲಿ ಕತ್ತು ಹಿಸುಕುವ ಹಾಗಿಲ್ಲ. ಇಲ್ಲಿ ಅದೇ ಕತ್ತು ಗಿಲೋಟಿನ್‌ಗೆ ಸಿಗುತ್ತದೆ. ಆದರೆ ತಲೆಯನ್ನು ಕೆಳಗೆ ಒತ್ತಿ ಹಿಡಿಯುವ ವಿದ್ಯೆ ನಿಮಗೆ ಆಗಲೇ ಕೈವಶ. ನಿಮ್ಮ ಸಬ್‌ಮಿಷನ್ ಅಲ್ಲಿಂದಲೇ ಹುಟ್ಟಬೇಕು ಅಂತ ನನ್ನ ಆಸೆ.

ಪಟ್ಟು ಆರಿಸುವಾಗ ವಿಡಿಯೊ ನೋಡಿ ಆರಿಸಬೇಡಿ. ರೋಲ್ ಮಾಡುವಾಗ, ಅಂದರೆ ಅಭ್ಯಾಸಕ್ಕೆ ಸೆಣಸುವಾಗ, ಸುಮ್ನೆ ಗಮನಿಸಿ, ಬೇಡ ಅಂದರೂ ಪದೇ ಪದೇ ಎಲ್ಲಿಗೆ ಬಂದು ನಿಲ್ಲುತ್ತೀರಿ? ಕೆಲವರು ಯಾವಾಗಲೂ ಎದುರಾಳಿಯ ಒಂದು ಕಾಲನ್ನು ಸಿಕ್ಕಿಸಿಕೊಂಡು ಕೆಳಗೆ ಮಲಗುವ ಹಾಫ್ ಗಾರ್ಡ್‌ನಲ್ಲಿ ಇರುತ್ತಾರೆ. ಅಂಥವರಿಗೆ ಮೌಂಟ್‌ನ ಚೋಕ್ ಎಷ್ಟು ಚೆನ್ನಾಗಿ ಬಂದರೂ ಹಾಕಲು ಅವಕಾಶವೇ ಸಿಗಲ್ಲ. ಮೈಕಟ್ಟನ್ನೂ ಮರೆಯಬೇಡಿ. ಕಾಲು ಗಿಡ್ಡ ಇದ್ದರೂ ಕಾಲುಗಳಿಂದಲೇ ಕತ್ತು ಹಿಸುಕುವ ಟ್ರಯಾಂಗಲ್ ಹಾಕಬಹುದು, ಕೋನ ಬದಲಿಸುವ ಕೆಲಸ ಮಾತ್ರ ಜಾಸ್ತಿ. ಒಂದು ಪಟ್ಟು ಹಿಡಿದ ಮೇಲೆ, ತಪ್ಪಿದ ಸಲದ ಬಗ್ಗೆ ಜೊತೆಗಾರನನ್ನೇ ಕೇಳಿ: ಯಾವ ಕ್ಷಣದಲ್ಲಿ ಬಿಡಿಸಿಕೊಳ್ಳಬಹುದು ಅನ್ನಿಸಿತು? ಅವನಷ್ಟು ಚೆನ್ನಾಗಿ ಅದನ್ನು ಹೇಳುವವರು ಇನ್ಯಾರೂ ಇಲ್ಲ. ಆ ಒಂದು ಕ್ಷಣವನ್ನೇ ತಿಂಗಳುಗಟ್ಟಲೆ ತಿದ್ದಿ. ಹಿಡಿತ ಅರ್ಧ ಬೆರಳಿನಷ್ಟು ಒಳಗೆ ಹೋದರೂ ಪಟ್ಟು ಬೇರೆಯೇ ಆಗುತ್ತದೆ. ಮೊದಲು ನಿಮಗಿಂತ ಹೊಸಬರ ಮೇಲೆ ಹಾಕಿ ನೋಡಿ, ಆಮೇಲೆ ಸಮಾನರ ಮೇಲೆ.

ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್‌ನಂಥ ಕೀಲಿನ ಪಟ್ಟಿನಲ್ಲಿ ಪ್ರಯೋಗ ಮಾಡುವಾಗ ನಿಧಾನ, ಇನ್ನೂ ನಿಧಾನ. ಅಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹರಿದಿರಬಹುದು, ಟ್ಯಾಪ್ ಮಾಡಲೂ ಸಮಯ ಇರಲ್ಲ. ಹಿಡಿತ ಕೂತಿತು ಅನ್ನಿಸಿದರೆ ಅಲ್ಲೇ ಬಿಟ್ಟುಬಿಡಿ. ಮುಗಿಸಿ ತೋರಿಸುವುದು ಬೇಡ.

ಈಗ ಇಬ್ಬಿಬ್ಬರು ಜೋಡಿಯಾಗಿ ಮ್ಯಾಟ್ ಮೇಲೆ ಬನ್ನಿ. ಗಿಲೋಟಿನ್‌ನ ಹಿಡಿತದಿಂದ ಶುರು ಮಾಡೋಣ. ಹಿಂಡುವುದು ಬೇಡ, ಮೊಣಕೈ ಎಲ್ಲಿ ಕೂರಬೇಕು ಅನ್ನುವುದಷ್ಟೇ ಇವತ್ತಿನ ಕೆಲಸ.