ಕೋರಾದೊಡನೆ ಓದಬೇಕಾದ ಕವಿತೆ

ಪರದೆಯ ಮೇಲೆ ನೀವೀಗ ನೋಡುತ್ತಿರುವುದು ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಾಕರ್ ನಗರದ ಮೆದೀನಾ ಬಡಾವಣೆಯ ಒಂದು ಮನೆಯಂಗಳ. ಸೀಳಿದ ದೊಡ್ಡ ಸೋರೆಬುರುಡೆಗೆ ಹಸುವಿನ ಚರ್ಮ ಬಿಗಿದು, ಮರದ ದಂಡಕ್ಕೆ 21 ತಂತಿಗಳನ್ನು ಕಟ್ಟಿರುವ ಈ ವಾದ್ಯದ ಹೆಸರು ಕೋರಾ. ಹಿಂದೆ ತಂತಿಗಳನ್ನು ಚರ್ಮದಿಂದ ಹೊಸೆಯುತ್ತಿದ್ದರು; ಈಗ ಆ ಜಾಗಕ್ಕೆ ಮೀನುಗಾರರ ನೈಲಾನ್ ದಾರ ಬಂದಿದೆ. ವಾದಕರ ಕೈಗಳನ್ನು ಗಮನಿಸಿ: ಎರಡು ಹೆಬ್ಬೆರಳು ಮಂದ್ರದಲ್ಲಿ ಒಂದೇ ಎಳೆಯನ್ನು ಮತ್ತೆ ಮತ್ತೆ ನುಡಿಸುತ್ತಿದ್ದರೆ, ಎರಡು ತೋರುಬೆರಳು ಅದರ ಮೇಲೆ ಮನಬಂದಂತೆ ವಿಹರಿಸುತ್ತವೆ.

ಪಶ್ಚಿಮ ಆಫ್ರಿಕಾದ ಮಂಡಿಂಕಾ ಸಮಾಜದಲ್ಲಿ ಕೋರಾ ನುಡಿಸುವ ಹಕ್ಕು ಸಂಪ್ರದಾಯದಂತೆ ಕುಯಾತೆ, ಜಾಬಾತೆ, ಸಿಸೊಕೊ ಮುಂತಾದ ಜಾಲಿ, ಅಂದರೆ ವಂಶಪಾರಂಪರ್ಯವಾಗಿ ಕಥೆ ಹಾಡುವ, ಮನೆತನಗಳದ್ದು. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತನ ಕಥೆ ಉಳಿದುಬಂದದ್ದು ಇಂಥವರ ನಾಲಿಗೆಯ ಮೇಲೆ. ಆಶ್ರಯ ಕೊಟ್ಟವರನ್ನು ಹಾಡಿ ಹೊಗಳುವುದೂ ಇವರ ಕುಲಕಸುಬೇ ಆದ್ದರಿಂದ, ಕೇಳಿದ್ದನ್ನೆಲ್ಲ ಚರಿತ್ರೆಯೆಂದು ನಂಬುವಂತಿಲ್ಲ ಎಂಬುದು ಬೇರೆ ಮಾತು.

ಸೆನೆಗಲ್‌ನ ಮೊದಲ ಅಧ್ಯಕ್ಷರೂ ಆಗಿದ್ದ ಕವಿ ಸೆಂಗೋರ್, ಫ್ರೆಂಚ್‌ನಲ್ಲಿ ಬರೆದರೂ, ತಮ್ಮ ಕೆಲವು ಕವಿತೆಗಳ ಶೀರ್ಷಿಕೆಯ ಕೆಳಗೆ ಯಾವ ವಾದ್ಯದೊಡನೆ ಹಾಡಬೇಕೆಂದು ಸೂಚಿಸುತ್ತಿದ್ದರು. ಅವರೇ ರಚಿಸಿದ ರಾಷ್ಟ್ರಗೀತೆ ಆರಂಭವಾಗುವುದೂ ಕೋರಾ ಮೀಟಿರಿ, ಬಾಲಫೋನ್ (ಮರದ ಪಟ್ಟಿಗಳ ವಾದ್ಯ) ಬಾರಿಸಿರಿ ಎಂಬ ಕರೆಯಿಂದ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಗಿನಿಯ ಫೊದೇಬಾ ಕೇಯ್ತಾ ಅವರ ಒಂದು ಕವಿತೆ. ಡಾಕರ್ ಹೊರವಲಯದ ತಿಯಾರೊಯ್ ಶಿಬಿರದಲ್ಲಿ 1944ರ ಡಿಸೆಂಬರ್ 1ರ ಬೆಳಗ್ಗೆ, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹೋರಾಡಿ, ಜರ್ಮನ್ ಸೆರೆಯಿಂದ ಬಿಡುಗಡೆಯಾಗಿ ಮರಳಿದ್ದ ಆಫ್ರಿಕನ್ ಸೈನಿಕರು ತಮಗೆ ಬರಬೇಕಾದ ಬಾಕಿ ಸಂಬಳ ಕೇಳಿದರೆಂಬ ಕಾರಣಕ್ಕೆ ಫ್ರೆಂಚ್ ಸೇನೆ ಅವರ ಮೇಲೆ ಗುಂಡು ಹಾರಿಸಿತು; ಸತ್ತವರು 35 ಎಂದು ದಾಖಲೆಯಲ್ಲಿ ಬರೆದುಕೊಂಡಿತು. ಕೇಯ್ತಾ ಅವರ ಕವಿತೆಯ ನಾಯಕ ನಾಮಾನ್ ಯುದ್ಧದಲ್ಲಿ ಬದುಕುಳಿದು ತಿಯಾರೊಯ್‌ನಲ್ಲಿ ಸಾಯುತ್ತಾನೆ. ಊರಿನಲ್ಲಿ ಹೆಂಡತಿ ಕಾಯುತ್ತಿರುತ್ತಾಳೆ. ಸಾಲುಗಳ ನಡುನಡುವೆ ಇಲ್ಲಿ ಗಿಟಾರ್, ಇಲ್ಲಿ ಕೋರಾ ಎಂಬ ಸೂಚನೆಗಳಿವೆ. ಕವಿ ಎಲ್ಲಿಯೂ ದನಿ ಎತ್ತರಿಸುವುದಿಲ್ಲ. ರೈತನೊಬ್ಬನ ಬದುಕನ್ನು ಹಾಡುಗಾರ ಹೇಳುವಷ್ಟೇ ಸಾವಧಾನದಿಂದ ಹೇಳುತ್ತಾರೆ. ರಾಜರಿಗಾಗಿ ಮೀಸಲಿದ್ದ ವಾದ್ಯ ಇಲ್ಲಿ ಸಾಮಾನ್ಯ ಸಿಪಾಯಿಯ ಪಾಲಿಗೆ ಬಂದದ್ದೇ ದೊಡ್ಡ ಸಂಗತಿಯೆಂದು ನನಗನಿಸುತ್ತದೆ. ಸೆಂಗೋರ್ ಕೂಡ ಇದೇ ಘಟನೆಯನ್ನು ಕುರಿತು ಬರೆದರು, ಅವರೂ ಜರ್ಮನ್ ಸೆರೆಶಿಬಿರ ಕಂಡವರೇ.

ಕೇಯ್ತಾ ಅವರ ಕವಿತೆಗಳನ್ನು ವಸಾಹತು ಆಡಳಿತ ನಿಷೇಧಿಸಿತು. ಮುಂದೆ ಸ್ವತಂತ್ರ ಗಿನಿಯಲ್ಲಿ ಮಂತ್ರಿಯಾದ ಅವರನ್ನು 1969ರಲ್ಲಿ ಕೊಂದದ್ದು ಅವರದೇ ಸರ್ಕಾರ. ತಿಯಾರೊಯ್‌ನಲ್ಲಿ ನಡೆದದ್ದು ಹತ್ಯಾಕಾಂಡವೆಂದು ಫ್ರಾನ್ಸ್‌ನ ಅಧ್ಯಕ್ಷರು ಒಪ್ಪಿಕೊಂಡದ್ದು 2024ರಲ್ಲಿ.