ನೆಟ್ ಬಂದ್ ಮಾಡಿದರೆ ಯಾರಿಗೆ ಪೆಟ್ಟು?

ಮುಂಬೈಯ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ನಾಲ್ಕೇ ದಿನದಲ್ಲಿ ಉಕ್ರೇನ್ ಸರ್ಕಾರ ಐಕಾನ್‌ಗೆ ಪತ್ರ ಬರೆಯಿತು. ಇಂಟರ್‌ನೆಟ್ಟಿನ ಹೆಸರುಗಳ ಪಟ್ಟಿ ನೋಡಿಕೊಳ್ಳುವ ಸಂಸ್ಥೆ ಅದು. ರಷ್ಯಾದ ‘ಡಾಟ್ ಆರ್‌ಯು’ ವಿಳಾಸಗಳನ್ನು ರದ್ದು ಮಾಡಿ, ಅಲ್ಲಿನ ರೂಟ್ ಸರ್ವರ್‌ಗಳನ್ನು, ಅಂದರೆ ವಿಳಾಸ ಹುಡುಕಲು ಮೊದಲ ದಾರಿ ತೋರಿಸುವ ಕಂಪ್ಯೂಟರ್‌ಗಳನ್ನು, ನಿಲ್ಲಿಸಿ ಎಂಬ ಬೇಡಿಕೆ. ತಲೆಯ ಮೇಲೆ ಬಾಂಬ್ ಬೀಳುತ್ತಿರುವವರು ಹೀಗೆ ಕೇಳಿದರೆ ಅವರನ್ನು ದೂರಲು ನನಗಂತೂ ಬಾಯಿ ಬರುವುದಿಲ್ಲ. ಆದರೂ ಮಾರ್ಚ್ 2ರಂದು ಐಕಾನ್ ‘ಆಗದು’ ಎಂದದ್ದೇ ಸರಿ.

ಅದೇ ಮಾರ್ಚ್ 2ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಏನಾಗುತ್ತಿತ್ತು? ಮೆಡಿಕಲ್ ಓದಲು ಹೋದ ನಮ್ಮ ಕನ್ನಡದ ಮಕ್ಕಳೂ ನೆಲಮಾಳಿಗೆಗಳಲ್ಲಿದ್ದರು. ಉಕ್ರೇನ್ ಬಿಟ್ಟು ಬಂದ 219 ಜನರನ್ನು ಪಕ್ಕದ ರೊಮೇನಿಯಾದ ಬುಕಾರೆಸ್ಟ್‌ನಿಂದ ಹೊತ್ತ ಮೊದಲ ವಿಮಾನ ಫೆಬ್ರವರಿ 26ಕ್ಕೇ ನಮ್ಮ ಮುಂಬೈಯಲ್ಲಿ ಇಳಿದಿತ್ತು. ಖಾರ್ಕಿವ್‌ನಲ್ಲಿದ್ದ ಈ ಮಕ್ಕಳಿಗೆ ಮಾತ್ರ ದಾರಿ ಇರಲಿಲ್ಲ. ಆಗ ಭಾರತದ ರಾಯಭಾರ ಕಚೇರಿ ಟ್ವಿಟರಿನಲ್ಲಿ ಸೂಚನೆ ಹಾಕಿತು: ಈಗಲೇ ಖಾರ್ಕಿವ್ ಬಿಡಿ, ಗಾಡಿ ಸಿಗದಿದ್ದರೆ ನಡೆದಾದರೂ ಸಂಜೆ ಆರರೊಳಗೆ ಪೆಸೋಚಿನ್, ಬಾಬಾಯೆ, ಇಲ್ಲವೇ ಬೆಜ್ಲ್ಯುದೊವ್ಕಾ ಸೇರಿಕೊಳ್ಳಿ. ಮಕ್ಕಳು ಬ್ಯಾಗು ಹೆಗಲಿಗೇರಿಸಿ ಆ ಚಳಿಯಲ್ಲಿ ನಡೆದೇಬಿಟ್ಟರು. ನೆಟ್ ಇಲ್ಲದಿದ್ದರೆ ಆ ಸೂಚನೆ ಅವರ ಕೈಗೆ ಸಿಗುವುದು ಹೇಗೆ?

‘ಅದು ಉಕ್ರೇನಿನ ನೆಟ್, ಕೇಳಿದ್ದು ರಷ್ಯಾದ್ದನ್ನು ಬಂದ್ ಮಾಡಲು’ ಎನ್ನುತ್ತೀರಿ. ಸರಿಯೇ. ಆದರೆ ಹೆಸರು ಅಳಿಸಿದ ಮಾತ್ರಕ್ಕೆ ಕೇಬಲ್ ಕಡಿದಂತಾಗುವುದಿಲ್ಲ. ನಮ್ಮ ವರ್ಸೋವಾದಲ್ಲಿ ದಡ ಸೇರುವಂಥ ಸಮುದ್ರದ ಕೇಬಲ್‌ಗಳು ಹಾಗೇ ಇರುತ್ತವೆ, ವಿಳಾಸ ಮಾತ್ರ ಸಿಗುವುದಿಲ್ಲ. ಸೈನ್ಯಕ್ಕೆ ಅದರದ್ದೇ ಸಂಪರ್ಕ ವ್ಯವಸ್ಥೆ ಇರುತ್ತದೆ. ಹೊರಗಿನ ನಂಟು ತಪ್ಪಿದರೂ ಒಳಗಿನ ಜಾಲ ನಡೆಯಲಿ ಎಂದು ರಷ್ಯಾ 2019ರಲ್ಲೇ ಕಾನೂನು ಮಾಡಿಕೊಂಡಿದೆ. ಪೆಟ್ಟು ಬೀಳುವುದು ಮೇಲ್ ಕಾಯುವ ತಾಯಿಗೆ, ಯುದ್ಧ ಬೇಡ ಎನ್ನುವ ಹುಡುಗನಿಗೆ. ಅಷ್ಟಕ್ಕೂ ಮಾರ್ಚ್ 4ರಂದು ಫೇಸ್‌ಬುಕ್‌ಗೆ, 14ರಂದು ಇನ್‌ಸ್ಟಾಗ್ರಾಮ್‌ಗೆ ಬೀಗ ಜಡಿದದ್ದು ರಷ್ಯಾ ಸರ್ಕಾರವೇ. ಅದಕ್ಕೆ ಬೇಕಾದ ಕೆಲಸವನ್ನು ಹೊರಗಿನವರು ಪುಕ್ಕಟೆ ಮಾಡಿಕೊಡಬೇಕೇ? ರಷ್ಯಾದ ಬ್ಯಾಂಕುಗಳನ್ನು ಕಟ್ಟಿಹಾಕಲಿ, ಅಲ್ಲಿನ ಸರ್ಕಾರಿ ಚಾನೆಲ್‌ಗಳನ್ನು ತಡೆಯಲಿ, ಅದಕ್ಕೆ ನನ್ನ ತಕರಾರಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತೂ ಬರಬೇಕು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ನೆಟ್ ನಿಂತಿತು. ಅನಿರ್ದಿಷ್ಟ ಕಾಲ ಹೀಗೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿತು. ಕಣಿವೆಗೆ 4ಜಿ ಮರಳಿದ್ದು ಮಾತ್ರ 2021ರ ಫೆಬ್ರವರಿಯಲ್ಲಿ.

ನಮಸ್ಕಾರ.